ರೊಕ್‌ಫೋರ್: ಚೀಸ್‌ಗೆ ಹೆಸರು ಕೊಟ್ಟ ಫ್ರೆಂಚ್ ಹಳ್ಳಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರೊಕ್‌ಫೋರ್ ಅಂದರೆ ಜಾಸ್ತಿ ಜನಕ್ಕೆ ನೆನಪಾಗುವುದು ನೀಲಿ ಬೂಸ್ಟಿನ ಚೀಸ್. ಅದು ಒಂದು ಊರಿನ ಹೆಸರು ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಸಾವಿರ ಜನರೂ ಇಲ್ಲದ ಈ ಹಳ್ಳಿ ನನಗೆ ತುಂಬಾ ಇಷ್ಟ. ಹಿಂದಿರುವ ಗುಡ್ಡ ಕುಸಿದದ್ದರಿಂದಲೇ ಇದು ಬದುಕಿಕೊಂಡಿದೆ. ಊರಿನ ಬಗ್ಗೆ ಸಾಮಾನ್ಯವಾಗಿ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಈ ಊರು ಎಲ್ಲಿದೆ?

ಫ್ರಾನ್ಸ್‌ನ ದಕ್ಷಿಣ ಭಾಗದಲ್ಲಿ, ಅವೆರೋನ್ ಜಿಲ್ಲೆಯಲ್ಲಿ. ಪೂರ್ತಿ ಹೆಸರು ರೊಕ್‌ಫೋರ್-ಸುರ್-ಸುಲ್ಜೋನ್. ಸುಲ್ಜೋನ್ ಅನ್ನುವುದು ಊರಿನ ಕೆಳಗೆ ಹರಿಯುವ ಚಿಕ್ಕ ಹೊಳೆ. ಅದು ಸೆರ್ನೋನ್ ಹೊಳೆಯನ್ನು ಸೇರುತ್ತದೆ, ಸೆರ್ನೋನ್ ಹೋಗಿ ತಾರ್ನ್ ನದಿಗೆ ಸೇರುತ್ತದೆ. 'ರೊಕ್‌ಫೋರ್' ಅಂದರೆ ಗಟ್ಟಿ ಬಂಡೆ. ಬರೆಯುವಾಗ ಕೊನೆಯಲ್ಲಿ 'ಟ' ಅಕ್ಷರ ಇರುತ್ತದೆ, ಆದರೆ ಫ್ರೆಂಚರು ಅದನ್ನು ಉಚ್ಚರಿಸುವುದಿಲ್ಲ.

ಹತ್ತಿರದ ಪೇಟೆಗಳು ಮಿಯೋ ಮತ್ತು ಸೆಂತ್ ಅಫ್ರೀಕ್. ಮಿಯೋ ಹೆಸರು ನೀವು ಕೇಳಿರಬಹುದು. 2004ರಲ್ಲಿ ತೆರೆದ, ಕಂಬದ ತುದಿಯವರೆಗೆ 343 ಮೀಟರ್ ಎತ್ತರ ಇರುವ ದೊಡ್ಡ ಸೇತುವೆ ಅಲ್ಲೇ ಇರುವುದು.

ಸುತ್ತಮುತ್ತಲ ನೆಲ ಹೇಗಿದೆ?

ಒಣ ಸೀಮೆ. ಸುಣ್ಣಕಲ್ಲಿನ ಎತ್ತರದ ಬಯಲುಗಳು, ಅವುಗಳ ನಡುವೆ ಆಳವಾದ ಕಣಿವೆಗಳು. ಆ ಬಯಲುಗಳನ್ನು ಅಲ್ಲಿಯವರು 'ಕೋಸ್' ಅನ್ನುತ್ತಾರೆ. ರೊಕ್‌ಫೋರ್ ಪಕ್ಕದ ಬಯಲು ಲಾರ್ಜಾಕ್. ಮಳೆ ಬರುತ್ತದೆ, ಆದರೆ ಸುಣ್ಣಕಲ್ಲಿನ ಸಂದುಗಳಲ್ಲಿ ನೀರೆಲ್ಲ ಇಳಿದುಹೋಗುತ್ತದೆ. ಮೇಲೆ ಹಳ್ಳ ಕೊಳ್ಳ ಕಾಣಸಿಗುವುದೇ ಅಪರೂಪ. ಕೆಳಗೆ ಕಣಿವೆಯಲ್ಲಿ ಮಾತ್ರ ಅದೇ ನೀರು ಊಟೆಯಾಗಿ ಉಕ್ಕುತ್ತದೆ.

ಇಂಥ ನೆಲದಲ್ಲಿ ಹಸು ಸಾಕುವುದು ಕಷ್ಟ, ಬೆಳೆಯೂ ಅಷ್ಟಕ್ಕಷ್ಟೇ. ಕಲ್ಲಿನ ಸಂದಿಯ ಹುಲ್ಲು ಮೇಯುವ ಕುರಿಗೆ ಮಾತ್ರ ಇದು ಹೇಳಿ ಮಾಡಿಸಿದ ಜಾಗ. ಕುರಿಗೆ ನೀರು ಕುಡಿಸಲು ಅಲ್ಲಿಯವರು ತಗ್ಗಿನ ಜಾಗಗಳಲ್ಲಿ ಕಲ್ಲು ಹಾಸಿದ ದುಂಡನೆ ಕಟ್ಟೆಗಳನ್ನು ಮಾಡಿಕೊಂಡರು. ಒಂದು ದೊಡ್ಡ ತಟ್ಟೆಯನ್ನು ನೆಲಕ್ಕೆ ಒತ್ತಿದ ಹಾಗೆ ಇರುತ್ತವೆ. ಕುರಿಗಳು ಅಂಚಿನಿಂದ ಇಳಿಜಾರಾಗಿ ನಡೆದುಕೊಂಡೇ ನೀರಿನವರೆಗೆ ಹೋಗಬಹುದು. ಮಳೆ ನೀರನ್ನೇ ನಂಬಿದ ಕುರುಬರ ಜಾಣತನ ಇದು.

ಈ ಮೇಯಿಸುವ ಸೀಮೆಯನ್ನು, ಪಕ್ಕದ ಸೆವೆನ್ ಬೆಟ್ಟಗಳ ಜೊತೆ ಸೇರಿಸಿ, ಯುನೆಸ್ಕೋ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮನುಷ್ಯ ಮತ್ತು ಕುರಿ ಸೇರಿ ರೂಪಿಸಿದ ನೆಲ ಅನ್ನುವುದೇ ಅದಕ್ಕೆ ಕಾರಣ.

ಗುಡ್ಡ ಕುಸಿದದ್ದು ಹೇಗೆ ಒಳ್ಳೆಯದಾಯಿತು?

ಇಡೀ ಊರಿನ ಕಥೆ ಈ ಒಂದು ಪ್ರಶ್ನೆಯಲ್ಲೇ ಇದೆ.

ಊರಿನ ಹಿಂದೆ ಕೊಂಬಾಲು ಅನ್ನುವ ಗುಡ್ಡ ನಿಂತಿದೆ. ಮೇಲೆ ಗಟ್ಟಿ ಸುಣ್ಣಕಲ್ಲು, ಅಡಿಯಲ್ಲಿ ಜೇಡಿಮಣ್ಣಿನಂಥ ಮೆತ್ತನೆ ಪದರ. ನೀರು ಇಳಿದು ಇಳಿದು ಅಡಿಯ ಪದರ ಜಾರಿದಾಗ ಮೇಲಿನ ಬಂಡೆ ಒಡೆದು ಕೆಳಗೆ ಬಿತ್ತು. ಇದು ಮನುಷ್ಯರ ನೆನಪಿಗೂ ಎಷ್ಟೋ ಹಿಂದಿನ ಮಾತು. ಹಾಗೆ ಬಿದ್ದ ಕಲ್ಲುರಾಶಿ ಸುಮಾರು 2 ಕಿ.ಮೀ. ಉದ್ದ, 300 ಮೀಟರ್ ಅಗಲ ಇದೆ. ಊರು ನಿಂತಿರುವುದು ಈ ರಾಶಿಯ ಮೇಲೆಯೇ.

ದೊಡ್ಡ ದೊಡ್ಡ ಬಂಡೆಗಳು ಒಂದರ ಮೇಲೊಂದು ಬಿದ್ದರೆ ನಡುವೆ ಸಂದು ಉಳಿಯುತ್ತದೆ ಅಲ್ವಾ? ಇಲ್ಲಿನ ಸಂದುಗಳು ಗುಡ್ಡದ ಒಳಗೆ ತುಂಬಾ ಆಳದವರೆಗೆ ಹೋಗಿವೆ. ಅವನ್ನು 'ಫ್ಲೆರೀನ್' ಅನ್ನುತ್ತಾರೆ. ಅವುಗಳ ಮೂಲಕ ಗುಡ್ಡ ಉಸಿರಾಡುತ್ತದೆ ಅಂದರೆ ತಪ್ಪಾಗಲಾರದು. ಹೊರಗೆ ಬಿಸಿಲಿರುವಾಗ ಒಳಗಿನ ತಂಪು ಗಾಳಿ ಭಾರವಾಗಿ ಕೆಳಗಿಳಿದು ಹೊರಬರುತ್ತದೆ. ಚಳಿಗಾಲದಲ್ಲಿ ಗಾಳಿಯ ದಿಕ್ಕು ತಿರುಗುತ್ತದೆ. ಒದ್ದೆ ಕಲ್ಲಿನ ಮೇಲೆ ಹಾದು ಬರುವುದರಿಂದ ಗಾಳಿ ಯಾವಾಗಲೂ ತೇವವಾಗಿರುತ್ತದೆ.

ಇದರಿಂದ ಅಲ್ಲಿನ ನೆಲಮಾಳಿಗೆಗಳಲ್ಲಿ ವರ್ಷವಿಡೀ 8ರಿಂದ 12 ಡಿಗ್ರಿ ಉಷ್ಣಾಂಶ, ಸುಮಾರು 95% ತೇವಾಂಶ ಇರುತ್ತದೆ. ಕರೆಂಟ್ ಬೇಡ, ಯಂತ್ರ ಬೇಡ. ಫ್ಲೆರೀನ್ ಬಾಯಿಗೆ ಒಂದು ಚಿಕ್ಕ ಬಾಗಿಲು ಇಟ್ಟಿರುತ್ತಾರೆ. ಮಾಳಿಗೆಯ ಯಜಮಾನ ಹೊರಗಿನ ಹವೆ ನೋಡಿಕೊಂಡು ಅದನ್ನು ಎಷ್ಟು ತೆರೆಯಬೇಕೋ ಅಷ್ಟು ತೆರೆಯುತ್ತಾನೆ.

ಚೀಸ್ ಮಾಡುವುದು ಊರಿನಲ್ಲೇನಾ?

ಇಲ್ಲ. ಇಲ್ಲಿ ತುಂಬಾ ಜನ ಎಡವುತ್ತಾರೆ. ಹಾಲು ಕರೆಯುವುದು, ಹೆಪ್ಪು ಹಾಕಿ ಚೀಸ್ ಮಾಡುವುದು ಸುತ್ತಮುತ್ತಲ ಸೀಮೆಯಲ್ಲಿ. ಮಾಗಿಸುವುದು ಮಾತ್ರ ರೊಕ್‌ಫೋರ್‌ನಲ್ಲಿ.

ಹಾಲು ಲಾಕೋನ್ ತಳಿಯ ಕುರಿಯದ್ದೇ ಆಗಿರಬೇಕು. ಕಾಯಿಸುವ ಹಾಗಿಲ್ಲ, ಕೆನೆ ತೆಗೆಯುವ ಹಾಗಿಲ್ಲ. ಹವೆ ಚೆನ್ನಾಗಿರುವಾಗ ಕುರಿಗಳು ಹೊರಗೆ ಮೇಯಲೇಬೇಕು ಅನ್ನುವುದೂ ನಿಯಮದಲ್ಲಿದೆ. ಹೆಪ್ಪು ಹಾಕುವ ಹೊತ್ತಿಗೆ 'ಪೆನಿಸಿಲಿಯಂ ರೊಕ್‌ಫೋರ್ಟಿ' ಅನ್ನುವ ಬೂಸ್ಟಿನ ಬೀಜಕಣ ಸೇರಿಸುತ್ತಾರೆ. ಹೆಪ್ಪಾದ ಮೇಲೆ ಕತ್ತರಿಸಿ, ಅಚ್ಚಿಗೆ ಹಾಕಿ, ನೀರು ಬಸಿದು, ಮೈಗೆಲ್ಲ ಉಪ್ಪು ಸವರುತ್ತಾರೆ. ಒಂದೊಂದು ಬಿಲ್ಲೆಯೂ ಸುಮಾರು 20 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪ, ಎರಡೂವರೆಯಿಂದ ಮೂರು ಕೆ.ಜಿ. ತೂಕ. ಒಂದು ಬಿಲ್ಲೆಗೆ ಸುಮಾರು 12 ಲೀಟರ್ ಹಾಲು ಬೇಕು.

ಆಮೇಲೆ ಪ್ರತಿ ಬಿಲ್ಲೆಯನ್ನೂ ಸೂಜಿಗಳಿಂದ ಚುಚ್ಚುತ್ತಾರೆ. ಬೂಸ್ಟಿಗೆ ಗಾಳಿ ಬೇಕು, ಗಾಳಿ ಹೋಗಲು ದಾರಿ ಬೇಕು, ಅದಕ್ಕೆ. ಕತ್ತರಿಸಿದ ರೊಕ್‌ಫೋರ್ ಚೂರನ್ನು ಒಮ್ಮೆ ಗಮನಿಸಿ ನೋಡಿ. ಬೆಳ್ಳಗಿನ ಮೈಯಲ್ಲಿ ಸೂಜಿ ಹೋದ ಗೆರೆ ನೆಟ್ಟಗೆ ಕಾಣುತ್ತದೆ. ಅದರ ಉದ್ದಕ್ಕೂ ನೀಲಿ ಹಸಿರು ಹಬ್ಬಿ, ಅಲ್ಲಿಂದ ಅಕ್ಕಪಕ್ಕದ ಚಿಕ್ಕ ತೂತುಗಳಿಗೆ ಇಳಿದಿರುತ್ತದೆ.

ಮಾಳಿಗೆಗೆ ಬಂದ ಬಿಲ್ಲೆಗಳನ್ನು ಮರದ ಹಲಗೆಗಳ ಮೇಲೆ, ಒಂದಕ್ಕೊಂದು ತಾಗದಂತೆ, ನಿಲ್ಲಿಸಿ ಇಡುತ್ತಾರೆ. ಹೀಗೆ ಬರಿಮೈಯಲ್ಲಿ ಕಡೇ ಪಕ್ಷ 14 ದಿನ ಆ ಗಾಳಿಯಲ್ಲಿ ಇರಬೇಕು. ಆಮೇಲೆ ತವರದ ತೆಳು ಹಾಳೆ ಸುತ್ತಿ ಇನ್ನೂ ತಂಪಿನಲ್ಲಿ ಇಡುತ್ತಾರೆ. ಮಾಡಿದ ದಿನದಿಂದ ಕನಿಷ್ಠ 90 ದಿನ ಆಗದೆ ಅದನ್ನು ರೊಕ್‌ಫೋರ್ ಅಂತ ಕರೆಯುವ ಹಾಗಿಲ್ಲ.

ಬೂಸ್ಟು ಎಲ್ಲಿಂದ ತರುತ್ತಾರೆ?

ಹಳೆಯ ಪದ್ಧತಿಯಲ್ಲಿ ರೊಟ್ಟಿಯಿಂದ. ರೈ ಅನ್ನುವ ಧಾನ್ಯದ ಹಿಟ್ಟಿನಲ್ಲಿ ದೊಡ್ಡ ಬ್ರೆಡ್ಡು ಮಾಡಿ, ಹೊರಗೆ ಕರಿಕಲಾಗುವಷ್ಟು ಬೇಯಿಸಿ, ಮಾಳಿಗೆಯಲ್ಲಿ ವಾರಗಟ್ಟಲೆ ಇಡುತ್ತಿದ್ದರು. ಒಳಗೆಲ್ಲ ಬೂಸ್ಟು ಹಬ್ಬಿದ ಮೇಲೆ ಅದನ್ನು ಒಣಗಿಸಿ ಪುಡಿ ಮಾಡಿಕೊಳ್ಳುತ್ತಿದ್ದರು. ಈಗ ಜಾಸ್ತಿ ಕಡೆ ಲ್ಯಾಬಿನಲ್ಲಿ ಬೆಳೆಸುತ್ತಾರೆ. ಪಾಪಿಯೋನ್ ಅನ್ನುವ ಕಂಪನಿ ಇನ್ನೂ ರೈ ಬ್ರೆಡ್ಡಿನಲ್ಲೇ ಬೆಳೆಸುವ ಪದ್ಧತಿ ಇಟ್ಟುಕೊಂಡಿದೆ.

ಕುರುಬನ ಹುಡುಗನ ಕಥೆ ನಿಜವಾ?

ಕಥೆ ಚೆನ್ನಾಗಿದೆ. ಒಬ್ಬ ಕುರಿ ಕಾಯುವ ಹುಡುಗ ಗುಹೆಯಲ್ಲಿ ಕೂತು ಬುತ್ತಿ ಬಿಚ್ಚಿದನಂತೆ, ರೈ ರೊಟ್ಟಿ ಮತ್ತು ಕುರಿ ಹಾಲಿನ ಗಿಣ್ಣ. ಅಷ್ಟರಲ್ಲಿ ದೂರದಲ್ಲಿ ಒಬ್ಬ ಚೆಲುವೆ ಕಂಡಳು. ಬುತ್ತಿ ಬಿಟ್ಟು ಅವಳ ಹಿಂದೆ ಓಡಿದ. ಎಷ್ಟೋ ದಿನದ ಮೇಲೆ ಅಲ್ಲಿಗೇ ಬಂದು ನೋಡಿದರೆ ಗಿಣ್ಣಕ್ಕೆ ನೀಲಿ ಬೂಸ್ಟು ಬಂದಿತ್ತು. ಹಸಿವು ತಾಳದೆ ತಿಂದ, ರುಚಿಯಾಗಿತ್ತು.

ಇದು ಜನಪದ. ಆದರೆ ರೊಟ್ಟಿ, ಗಿಣ್ಣ, ಗುಹೆಯ ಗಾಳಿ ಮೂರೂ ಇದರಲ್ಲಿ ಸರಿಯಾಗಿ ಕೂತಿವೆ. ಕಥೆ ಕಟ್ಟಿದವರಿಗೆ ಕೆಲಸ ಗೊತ್ತಿತ್ತು ಅನ್ನುವುದು ಖಂಡಿತ.

ರೋಮಿನ ಬರಹಗಾರ ಪ್ಲಿನಿ ಮೊದಲನೇ ಶತಮಾನದಲ್ಲಿ ಈ ಭಾಗದ ಚೀಸ್ ಹೊಗಳಿದ್ದ, ಅದೇ ರೊಕ್‌ಫೋರ್ ಅಂತಲೂ ಹೇಳುವುದುಂಟು. ಅವನು ರೊಕ್‌ಫೋರ್ ಅನ್ನುವ ಹೆಸರು ಹೇಳಿಲ್ಲ. ಪಕ್ಕದ ಗೆವೊದಾನ್ ಸೀಮೆಯ ಚೀಸ್ ಬಗ್ಗೆ ಬರೆದಿದ್ದ. ಅಷ್ಟಕ್ಕೇ ನಿಲ್ಲಿಸುವುದು ಒಳ್ಳೆಯದು.

ಹಾಗಾದರೆ ದಾಖಲೆಯಲ್ಲಿರುವ ಇತಿಹಾಸ ಏನು?

1411ರಲ್ಲಿ ರಾಜ 6ನೇ ಚಾರ್ಲ್ಸ್ ಈ ಊರಿನವರಿಗೆ ಒಂದು ಹಕ್ಕುಪತ್ರ ಕೊಟ್ಟ. ರೊಕ್‌ಫೋರ್ ಗುಹೆಗಳಲ್ಲಿ ಚೀಸ್ ಮಾಗಿಸುವ ಹಕ್ಕು ಈ ಊರಿನವರದ್ದೇ ಅಂತ. 1666ರಲ್ಲಿ ತುಲೂಸ್ ನಗರದ ಉಚ್ಚ ನ್ಯಾಯಸಭೆ ಅದನ್ನೇ ಮತ್ತೆ ಗಟ್ಟಿ ಮಾಡಿತು. ಬೇರೆ ಕಡೆಯ ಚೀಸ್ ತಂದು ರೊಕ್‌ಫೋರ್ ಅಂತ ಮಾರಿದವರಿಗೆ ಶಿಕ್ಷೆ ಅಂತ ಹೇಳಿತು. ಅಂದರೆ ಆಗಲೇ ನಕಲಿ ಮಾಲಿನ ಕಾಟ ಇತ್ತು!

19ನೇ ಶತಮಾನದಲ್ಲಿ ರೈಲು ಬಂತು. ಪಕ್ಕದ ತೂರ್ನಮೀರ್‌ನಲ್ಲಿ ನಿಲ್ದಾಣ ಆಯಿತು, ಅದರ ಹೆಸರಿನಲ್ಲೂ ರೊಕ್‌ಫೋರ್ ಸೇರಿಕೊಂಡಿತು. ಇದೇ ಕಾಲಕ್ಕೆ ದೊಡ್ಡ ಕಂಪನಿಗಳು ಹುಟ್ಟಿದವು. ಮನೆಮನೆಯ ಕುರುಬರು ಮಾಡುತ್ತಿದ್ದ ಚೀಸ್ ನಿಧಾನಕ್ಕೆ ಡೈರಿಗಳಿಗೆ ಹೋಯಿತು. ಬೇಡಿಕೆ ಎಷ್ಟು ಬೆಳೆಯಿತು ಅಂದರೆ ಕಾರ್ಸಿಕಾ ದ್ವೀಪದಲ್ಲಿ, ಪಿರನೀಸ್ ಬೆಟ್ಟಗಳಲ್ಲಿ ಮಾಡಿದ ಕುರಿ ಹಾಲಿನ ಚೀಸ್ ಕೂಡ ಮಾಗಲು ಇಲ್ಲಿಗೆ ಬರುತ್ತಿತ್ತು. ಈಗ ಹಾಗಿಲ್ಲ. ಹಾಲು ಗೊತ್ತು ಮಾಡಿದ ಸೀಮೆಯದ್ದೇ ಆಗಿರಬೇಕು.

1925ರ ಜುಲೈ 26ರ ಕಾಯ್ದೆಯಿಂದ ಫ್ರಾನ್ಸ್‌ನಲ್ಲಿ ಊರಿನ ಹೆಸರಿನ ರಕ್ಷಣೆ ಸಿಕ್ಕ ಮೊದಲ ಚೀಸ್ ಇದಾಯಿತು. ನಮ್ಮಲ್ಲಿ ಮೈಸೂರು ರೇಷ್ಮೆ, ಚನ್ನಪಟ್ಟಣದ ಗೊಂಬೆಗೆ ಜಿಐ ಮುದ್ರೆ ಇದೆಯಲ್ಲ, ಅದೇ ಬಗೆಯ ರಕ್ಷಣೆ. 1961ರಲ್ಲಿ ಮಿಯೋ ನ್ಯಾಯಾಲಯ ಇನ್ನೂ ಬಿಗಿ ಮಾಡಿತು: ಹಾಲು ವಿಶಾಲ ಸೀಮೆಯದ್ದಾಗಬಹುದು, ಆದರೆ ಮಾಗುವುದು ಕೊಂಬಾಲು ಗುಡ್ಡದ ಕಲ್ಲುರಾಶಿಯ ನೈಸರ್ಗಿಕ ಮಾಳಿಗೆಗಳಲ್ಲೇ ಆಗಬೇಕು. ನನ್ನ ಪ್ರಕಾರ ಊರನ್ನು ಉಳಿಸಿದ್ದು ಈ ತೀರ್ಪು. ಇದು ಇಲ್ಲದಿದ್ದರೆ ಮಾಲು ಇಷ್ಟು ಹೊತ್ತಿಗೆ ಹೆದ್ದಾರಿ ಪಕ್ಕದ ದೊಡ್ಡ ಶೈತ್ಯಾಗಾರಕ್ಕೆ ಹೋಗಿ, ಊರು ಬರೀ ಹೆಸರಾಗಿ ಉಳಿಯುತ್ತಿತ್ತು.

ಮಾಳಿಗೆಗಳಲ್ಲಿ ಯಾರು ಕೆಲಸ ಮಾಡುತ್ತಿದ್ದರು?

ಹೆಚ್ಚಾಗಿ ಹೆಂಗಸರು. ಅವರನ್ನು 'ಕಬಾನಿಯೇರ್' ಅನ್ನುತ್ತಿದ್ದರು. ಬಿಲ್ಲೆಗಳಿಗೆ ಉಪ್ಪು ಸವರುವುದು, ಮೇಲಿನ ಅಂಟು ಕೆರೆಯುವುದು, ತಿರುಗಿಸಿ ಇಡುವುದು, ತವರದ ಹಾಳೆ ಸುತ್ತುವುದು ಅವರ ಕೆಲಸ. ಹೊರಗೆ ಎಂಥ ಬೇಸಿಗೆ ಇರಲಿ, ಅವರಿಗೆ ದಿನವಿಡೀ 10 ಡಿಗ್ರಿ ಆಸುಪಾಸಿನ ಚಳಿ, ಒದ್ದೆ ನೆಲ, ಉಪ್ಪಿನ ಕೈ.

ಹಾಳೆ ಸುತ್ತುವುದು ಸುಲಭದ ಕೆಲಸ ಅಲ್ಲ. ಜೋರಾಗಿ ಒತ್ತಿದರೆ ಮೆತ್ತನೆ ಬಿಲ್ಲೆ ಒಡೆಯುತ್ತದೆ. ಸಡಿಲ ಬಿಟ್ಟರೆ ಗಾಳಿ ಉಳಿದು ಬೂಸ್ಟು ಬೆಳೆಯುತ್ತಲೇ ಹೋಗುತ್ತದೆ. ಒಂದೇ ಸಲಕ್ಕೆ ಹಾಳೆ ಬಳಸಿ, ಅಂಗೈಯಲ್ಲಿ ತಿರುಗಿಸುತ್ತಾ, ಸುಕ್ಕು ಉಳಿಯದ ಹಾಗೆ ಅಂಚು ಮಡಚಬೇಕು. ಚೀಸಿನ ಚರಿತ್ರೆ ಹೇಳುವವರು ರಾಜರ ಹೆಸರು ಹೇಳುತ್ತಾರೆ. ಈ ಹೆಂಗಸರ ಕೈಚಳಕಕ್ಕೂ ಅಷ್ಟೇ ಜಾಗ ಕೊಡಬೇಕು.

ಊರಿನ ಹಣಕಾಸು ಪೂರ್ತಿ ಚೀಸ್ ಮೇಲೇನಾ ನಿಂತಿರುವುದು?

ಹೆಚ್ಚು ಕಡಿಮೆ ಹೌದು. ರೊಕ್‌ಫೋರ್ ಮಾಡುವ ಕಂಪನಿಗಳು ಏಳೇ ಏಳು. ಎಲ್ಲಕ್ಕಿಂತ ದೊಡ್ಡದು ಸೊಸಿಯೇತೆ, ಅದು ಈಗ ಲಾಕ್ತಾಲಿಸ್ ಅನ್ನುವ ದೈತ್ಯ ಡೈರಿ ಗುಂಪಿನ ಕೈಯಲ್ಲಿದೆ. ಪಾಪಿಯೋನ್, ಗಾಬ್ರಿಯೆಲ್ ಕುಲೆ, ಕಾರ್ಲ್ ಮುಂತಾದವು ಅದಕ್ಕಿಂತ ಚಿಕ್ಕವು. ಎಲ್ಲ ಸೇರಿ ವರ್ಷಕ್ಕೆ ಸುಮಾರು 15,000 ಟನ್ ಚೀಸ್. ಹಾಲು ಕೊಡುವ ಕುರಿ ಸಾಕಣೆಯ ಮನೆಗಳು ಸಾವಿರಕ್ಕೂ ಹೆಚ್ಚು. ಅವರು ಮತ್ತು ಕಂಪನಿಗಳು ಸೇರಿ 1930ರಲ್ಲಿ ಒಂದು ಒಕ್ಕೂಟ ಕಟ್ಟಿಕೊಂಡರು. ಹಾಲಿನ ದರದಿಂದ ಹಿಡಿದು ಹೆಸರಿನ ಕಾವಲಿನವರೆಗೆ ಎಲ್ಲ ಮಾತುಕತೆ ಅಲ್ಲೇ ನಡೆಯುತ್ತಾ ಬಂದಿದೆ.

ಚೀಸಿನಿಂದ ಹುಟ್ಟಿದ ಇನ್ನೊಂದು ಉದ್ಯೋಗ ಇದೆ. ಮಿಯೋ ಪೇಟೆ ಚರ್ಮದ ಕೈಗವಸುಗಳಿಗೆ ಹೆಸರುವಾಸಿ. ಕಾರಣ ಸರಳ. ಕುರಿ ಹಾಲು ಚೀಸಿಗೆ ಬೇಕು, ಹಾಗಾಗಿ ಮರಿಗಳನ್ನು ಎಳೆಯದರಲ್ಲೇ ತಾಯಿಯಿಂದ ಬೇರೆ ಮಾಡಿ ಮಾಂಸಕ್ಕೆ ಕಳಿಸುತ್ತಿದ್ದರು. ಆ ಎಳೆ ಚರ್ಮ ರೇಷ್ಮೆಯಷ್ಟು ನುಣುಪು. ಅದರಿಂದ ಪ್ಯಾರಿಸ್ಸಿನ ಸಿರಿವಂತ ಹೆಂಗಸರ ಕೈಗವಸು ಆದವು. ಕೇಳಲು ಸ್ವಲ್ಪ ಸಂಕಟ ಆಗುತ್ತದೆ, ಆದರೆ ಆ ಸೀಮೆಯ ಲೆಕ್ಕ ಹಾಗೇ ಇದ್ದದ್ದು.

ಹಾಲು ಜಾಸ್ತಿಯಾದಾಗ ಬೇರೆ ದಾರಿಯನ್ನೂ ಹುಡುಕಿದರು. ಗ್ರೀಕರ ಫೆಟಾ ಬಗೆಯ ಬಿಳಿ ಚೀಸ್ ಮಾಡಿ ಮಾರಿದರು. 2002ರಲ್ಲಿ ಯುರೋಪ್ ಒಕ್ಕೂಟ ಫೆಟಾ ಹೆಸರು ಗ್ರೀಸಿನದ್ದೇ ಅಂದಿತು, ಇವರು ಆ ಹೆಸರು ಬಿಡಬೇಕಾಯಿತು. ತಮ್ಮ ಹೆಸರಿಗಾಗಿ ಶತಮಾನಗಟ್ಟಲೆ ಹೋರಾಡಿದವರು ಇನ್ನೊಬ್ಬರ ಹೆಸರು ಬಿಟ್ಟುಕೊಟ್ಟದ್ದು ನ್ಯಾಯವೇ ಅಂತ ನನಗನಿಸುತ್ತದೆ.

ಗಾಂಧೀಜಿಗೂ ಈ ಸೀಮೆಗೂ ನಂಟು ಇದೆಯಂತೆ?

ಇದೆ. 1971ರಲ್ಲಿ ಫ್ರೆಂಚ್ ಸರ್ಕಾರ ಲಾರ್ಜಾಕ್ ಬಯಲಿನ ಸೇನಾ ಶಿಬಿರವನ್ನು 3,000 ಹೆಕ್ಟೇರ್‌ನಿಂದ 17,000 ಹೆಕ್ಟೇರ್‌ಗೆ ಹಿಗ್ಗಿಸಲು ಹೊರಟಿತು. ಹೋಗುವುದು ಕುರಿ ಮೇಯುವ ನೆಲ, ರೊಕ್‌ಫೋರ್‌ಗೆ ಹಾಲು ಕೊಡುವ ನೆಲ. 103 ರೈತರು ಭೂಮಿ ಬಿಡುವುದಿಲ್ಲ ಅಂತ 1972ರಲ್ಲಿ ಪ್ರತಿಜ್ಞೆಗೆ ಸಹಿ ಹಾಕಿದರು.

ಆ ದಿನಗಳಲ್ಲಿ ಅವರ ಜೊತೆ 15 ದಿನ ಉಪವಾಸ ಕೂತವರು ಲಾಂಜಾ ದೆಲ್ ವಾಸ್ತೊ. ಇಟಲಿಯಲ್ಲಿ ಹುಟ್ಟಿದ ಇವರು 1937ರಲ್ಲಿ ವಾರ್ಧಾಕ್ಕೆ ಬಂದು ಗಾಂಧೀಜಿಯ ಬಳಿ ಇದ್ದವರು. ಗಾಂಧೀಜಿ ಇವರಿಗೆ ಕೊಟ್ಟ ಹೆಸರು ಶಾಂತಿದಾಸ. ಲಾರ್ಜಾಕ್ ರೈತರು ಹೊಡೆದಾಟವಿಲ್ಲದೆ ಹೋರಾಡುವ ದಾರಿ ಹಿಡಿದದ್ದರಲ್ಲಿ ಇವರ ಪಾತ್ರ ದೊಡ್ಡದು. 1972ರ ಅಕ್ಟೋಬರ್‌ನಲ್ಲಿ ರೈತರು ಕುರಿಗಳನ್ನು ಪ್ಯಾರಿಸ್ಸಿಗೆ ತಂದು ಐಫೆಲ್ ಗೋಪುರದ ಕೆಳಗೆ ಮೇಯಲು ಬಿಟ್ಟರು. ಹತ್ತು ವರ್ಷ ಬಿಡದೆ ನಡೆದ ಹೋರಾಟ ಅದು. 1981ರಲ್ಲಿ ಅಧ್ಯಕ್ಷರಾದ ಮಿತರಾಂ ಯೋಜನೆ ಕೈಬಿಟ್ಟರು. ಈ ಸೀಮೆಯ ಬಗ್ಗೆ ಓದುವಾಗೆಲ್ಲ ನನ್ನ ಎದೆ ತುಂಬಿ ಬರುವುದು ಇದೇ ಜಾಗದಲ್ಲಿ.

ಅಮೆರಿಕದ ಜೊತೆ ಏನೋ ಜಗಳ ಆಗಿತ್ತಲ್ಲ?

ಹಾರ್ಮೋನ್ ಕೊಟ್ಟು ಬೆಳೆಸಿದ ದನದ ಮಾಂಸವನ್ನು ಯುರೋಪ್ ಬೇಡ ಅಂದಿತು. ಅದಕ್ಕೆ ಪ್ರತಿಯಾಗಿ ಅಮೆರಿಕ 1999ರಲ್ಲಿ ಕೆಲವು ಯುರೋಪ್ ಮಾಲುಗಳ ಮೇಲೆ 100% ಸುಂಕ ಹಾಕಿತು, ಅದರಲ್ಲಿ ರೊಕ್‌ಫೋರ್ ಕೂಡ ಒಂದು. ಮಾಂಸದ ಜಗಳಕ್ಕೂ ಲಾರ್ಜಾಕ್ ಕುರಿಗೂ ಸಂಬಂಧವೇ ಇರಲಿಲ್ಲ, ಆದರೂ ಪೆಟ್ಟು ಬಿದ್ದದ್ದು ಕುರಿ ಸಾಕುವವರಿಗೆ. ಆ ವರ್ಷ ಆಗಸ್ಟ್ 12ರಂದು ಜೋಸೆ ಬೋವೆ ಮತ್ತು ಇತರ ರೈತರು ಮಿಯೋದಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಕಟ್ಟಡದ ಭಾಗಗಳನ್ನು ಬಿಚ್ಚಿ ಹಾಕಿದರು. ಬೋವೆ ಲಾರ್ಜಾಕ್‌ನಲ್ಲಿ ಕುರಿ ಸಾಕುತ್ತಿದ್ದವರೇ. ಅವರಿಗೆ ಜೈಲಾಯಿತು, ಸುದ್ದಿ ಜಗತ್ತೆಲ್ಲ ಹಬ್ಬಿತು. 2009ರ ಜನವರಿಯಲ್ಲಿ ಅಮೆರಿಕ ಸುಂಕವನ್ನು 300%ಗೆ ಏರಿಸುವುದಾಗಿ ಹೇಳಿತು. ಜಾರಿಗೆ ಬರುವ ಮೊದಲೇ ಎರಡೂ ಕಡೆಯವರು ರಾಜಿಯಾದರು.

ಈಗಿನ ತೊಂದರೆಗಳೇನು?

ಮುಖ್ಯವಾಗಿ ಮಾರಾಟ ಇಳಿಯುತ್ತಿದೆ. ಖಾರದಷ್ಟೇ ತೀಕ್ಷ್ಣವಾದ ಈ ರುಚಿ ಹೊಸ ತಲೆಮಾರಿಗೆ ಅಷ್ಟಾಗಿ ಹಿಡಿಸುತ್ತಿಲ್ಲ. ಪೊಟ್ಟಣದ ಮೇಲೆ ಆರೋಗ್ಯದ ಅಂಕ ಮುದ್ರಿಸುವ ನ್ಯೂಟ್ರಿ-ಸ್ಕೋರ್ ಪದ್ಧತಿಯಲ್ಲಿ ಉಪ್ಪು ಕೊಬ್ಬಿನ ಕಾರಣಕ್ಕೆ ಇದಕ್ಕೆ ತೀರಾ ಕಡಿಮೆ ಅಂಕ ಬರುತ್ತದೆ. ತಮ್ಮನ್ನು ಅದರಿಂದ ಬಿಡಿ ಅಂತ ಒಕ್ಕೂಟ 2021ರಲ್ಲಿ ಕೇಳಿಕೊಂಡಿತು. 2019ರಲ್ಲಿ ಸೊಸಿಯೇತೆ ತನ್ನದೇ ಗುರುತಿನಲ್ಲಿ, ಪೊಟ್ಟಣವೂ ಅದೇ ಥರ ಕಾಣುವ, ಕಾಯಿಸಿದ ಹಾಲಿನ ಮೆದು ರುಚಿಯ ನೀಲಿ ಚೀಸ್ ಬಿಟ್ಟಾಗ ದೊಡ್ಡ ಗಲಾಟೆಯೇ ಆಯಿತು. ರೈತರ ಭಯ ನನಗೆ ಅರ್ಥವಾಗುತ್ತದೆ. ಅಂಗಡಿಯಲ್ಲಿ ಅವಸರದಲ್ಲಿ ಕೈ ಹಾಕುವವರು ಅದನ್ನೇ ರೊಕ್‌ಫೋರ್ ಅಂದುಕೊಳ್ಳುತ್ತಾರೆ.

ಸಸ್ಯಾಹಾರಿಗಳು ತಿನ್ನಬಹುದಾ?

ಇಲ್ಲ. ಹಾಲು ಹೆಪ್ಪಾಗಿಸಲು ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸುತ್ತಾರೆ. ಕಟ್ಟುನಿಟ್ಟಾಗಿ ಸಸ್ಯಾಹಾರ ಪಾಲಿಸುವವರಿಗೆ ಇದು ಆಗುವುದಿಲ್ಲ. ಹಾಲು ಕಾಯಿಸಿರುವುದಿಲ್ಲವಾದ್ದರಿಂದ ಬಸುರಿಯರೂ ದೂರ ಇರುವುದು ಒಳ್ಳೆಯದು. ನಮ್ಮ ಅಂಗಡಿಗಳಲ್ಲಿ 'ಬ್ಲೂ ಚೀಸ್' ಅಂತ ಸಿಗುವುದು ಸಾಮಾನ್ಯವಾಗಿ ಹಸುವಿನ ಹಾಲಿನದ್ದು, ರೊಕ್‌ಫೋರ್ ಅಲ್ಲ. ರೆನ್ನೆಟ್ ಯಾವುದು ಅಂತ ಪೊಟ್ಟಣ ನೋಡಿಯೇ ತಿಳಿದುಕೊಳ್ಳಬೇಕು.

ನೋಡಲು ಹೋಗಬಹುದಾ? ಏನು ತೆಗೆದುಕೊಂಡು ಹೋಗಬೇಕು?

ಧಾರಾಳವಾಗಿ ಹೋಗಬಹುದು. ಪ್ಯಾರಿಸ್ಸಿನಿಂದ ಮೊಂಪೆಲಿಯೆ ನಗರದವರೆಗೆ ವೇಗದ ರೈಲಿದೆ, ಅಲ್ಲಿಂದ ಎ75 ಹೆದ್ದಾರಿ ಹಿಡಿದು ಮಿಯೋ ಕಡೆ ಬರಬೇಕು. ಕೊನೆಯ ದಾರಿಗೆ ಕಾರು ಇದ್ದರೆ ಅನುಕೂಲ. ಸೊಸಿಯೇತೆ, ಪಾಪಿಯೋನ್ ಮುಂತಾದ ಕಂಪನಿಗಳು ತಮ್ಮ ಮಾಳಿಗೆಗಳನ್ನು ತೋರಿಸುತ್ತವೆ. ಒಂದು ಮಾತು: ಹಾಲಿನ ಕಾಲ ಚಳಿಗಾಲದಿಂದ ಬೇಸಿಗೆಯ ಶುರುವಿನವರೆಗೆ. ಹಲಗೆಗಳ ತುಂಬಾ ಬಿಲ್ಲೆ ನೋಡಬೇಕೆಂದರೆ ವರ್ಷದ ಮೊದಲ ಅರ್ಧದಲ್ಲಿ ಹೋಗಿ.

ಆಗಸ್ಟ್ ಬಿಸಿಲಿನಲ್ಲಿ ಹೋದರೂ ಸ್ವೆಟರ್ ಮರೆಯಬೇಡಿ. ನೆಲ ಒದ್ದೆ ಇರುತ್ತದೆ, ಜಾರದ ಚಪ್ಪಲಿ ಬೇಕು. ಒಳಗೆ ಹೋದ ಮೇಲೆ ಫ್ಲೆರೀನ್ ಬಾಗಿಲು ಕಂಡರೆ ಅದರ ಸಂದಿಯ ಹತ್ತಿರ ಅಂಗೈ ಹಿಡಿದು ನಿಲ್ಲಿ. ಮೆಲ್ಲಗೆ, ತಣ್ಣಗೆ, ಒದ್ದೆ ಮಣ್ಣಿನ ವಾಸನೆಯ ಗಾಳಿ ಕೈಗೆ ತಾಗುತ್ತದೆ.